ಸಾರು ಹಾಕಿದ ಊರಿಗೆ ಬಂದ ನೆಂಟಳು

ಬೆಳಗಿನ ಜಾವ ನಾಲ್ಕೂಮುಕ್ಕಾಲು. ಕಿಟಕಿಯಾಚೆ ರಾಮನಗರದ ಬಂಡೆಬೆಟ್ಟಗಳು ಇನ್ನೂ ಬೆಟ್ಟಗಳಾಗಿಲ್ಲ. ಆಕಾಶಕ್ಕಿಂತ ಒಂದು ಪಾಲು ಹೆಚ್ಚು ಕಪ್ಪಗಿರುವ ಏನೋ ಒಂದು ಅಲ್ಲಿ ಕೂತಿದೆ, ಅಷ್ಟೆ. ಕೆಳಗಿನ ರೀಲಿಂಗ್ ಘಟಕದಲ್ಲಿ ರೇಷ್ಮೆಗೂಡು ಬೇಯಿಸುವ ನೀರು ಕಾಯುತ್ತಿದ್ದು, ಅದರ ವಾಸನೆ ಮೆಟ್ಟಿಲು ಹತ್ತಿ ಮೇಲಿನ ಮನೆಯ ಪುಟ್ಟ ಕೋಣೆಗೂ ಬಂದಿದೆ. ಕೋಣೆಯಲ್ಲಿ ಒಂದು ಮೇಜು, ಎರಡು ಪರದೆ, ಒಂದು ಲೋಟ ಚಹಾ. ಪರದೆಯ ತುಂಬ ಬೂದು ಬಣ್ಣದ ಚುಕ್ಕಿಗಳು. ಅವುಗಳ ಮುಂದೆ ತಲೆಗೆ ದುಪಟ್ಟಾ ಹೊದ್ದ ಹೆಂಗಸೊಬ್ಬರು, ಮಲಗಿದ ಮಕ್ಕಳ ನಡುವೆ ಕೂತವರ ಹಾಗೆ, ಸದ್ದು ಮಾಡದೆ ಕೂತಿದ್ದಾರೆ.

ಒಂದು ಚುಕ್ಕಿ ಹಸಿರಾಗುತ್ತದೆ. "ಮಾಗಡಿ ಕಡೇದು ಎದ್ತು," ಎನ್ನುತ್ತಾರೆ ಮೆಲ್ಲಗೆ. ಆಮೇಲೆ ಇನ್ನೊಂದು. ಆಮೇಲೆ ಮೂರು ಒಟ್ಟಿಗೆ. ಎಲ್ಲೋ ಒಂದು ಊರಿನಲ್ಲಿ ಯಾರೋ ಬೀಗ ತೆಗೆದು, ದೀಪ ಹಚ್ಚಿ, ಕೈ ಮುಗಿದು, ಸ್ವಿಚ್ ಒತ್ತಿದ್ದಾರೆ. ಅದು ಇಲ್ಲಿ ಒಂದು ಚುಕ್ಕಿಯಾಗಿ ಕಣ್ಣು ಬಿಡುತ್ತಿದೆ. ನನಗೆ ಬೆಳಗಿನ ನಿದ್ದೆ ಎಂದರೆ ಪ್ರಾಣ. ಆ ಪ್ರಾಣವನ್ನು ಮನೆಯಲ್ಲೇ ಬಿಟ್ಟು ಬಂದಿದ್ದ ನಾನು, ಅರೆನಿದ್ದೆಯಲ್ಲಿ ಅವು ಚುಕ್ಕಿಗಳೋ ಊರುಗಳೋ ಗೊತ್ತಾಗದೆ ಸುಮ್ಮನೆ ನೋಡುತ್ತ ಕೂತೆ.

ಇವರು ಅಸ್ರಾ. ವಯಸ್ಸು ಮೂವತ್ತನಾಲ್ಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಿನ ಮುನ್ನೂರ ಹದಿನೆಂಟು ಹಾಲಿನ ಡೈರಿಗಳಲ್ಲಿ ಒಂದೊಂದು ಹಳೆಯ ಕಂಪ್ಯೂಟರ್ ಇದೆ. ರೈತರು ತಂದ ಹಾಲಿನ ತೂಕ, ಜಿಡ್ಡು ಎಲ್ಲ ಅದರಲ್ಲೇ ದಾಖಲಾಗಬೇಕು. ಅದರೊಳಗಿನ ತಂತ್ರಾಂಶ ಆಗಾಗ ಬದಲಾಗುತ್ತದೆ. ಹೊಸದನ್ನು ಆ ಮುದಿ ಮಿಷಿನ್‌ಗಳ ಹೊಟ್ಟೆಗೆ ಇಳಿಸುವುದು ಅಸ್ರಾ ಕೆಲಸ, ಅದೂ ಕೂತ ಜಾಗದಿಂದಲೇ, ನೆಟ್ ಮೂಲಕ. ಒಂದು ಸಣ್ಣ ಗುತ್ತಿಗೆ ಕಂಪನಿಯ ಪರವಾಗಿ ಒಂಬತ್ತು ವರ್ಷದಿಂದ ಮಾಡುತ್ತಿದ್ದಾರೆ. ಈ ಒಂಬತ್ತು ವರ್ಷದಲ್ಲಿ ಅವರು ಕಣ್ಣಾರೆ ನೋಡಿರುವ ಡೈರಿಗಳು ಎಷ್ಟು ಎಂದು ಕೇಳಿದೆ. "ಎರಡು ಸಾರ್. ಅದೂ ರೋಡಲ್ಲಿ ಹೋಗ್ತಾ ಬಸ್ಸಿನ ಕಿಟಕೀಲಿ," ಎಂದು ನಕ್ಕರು.

ನೋಡಿಲ್ಲ ಎಂದರೆ ಗೊತ್ತಿಲ್ಲ ಎಂದಲ್ಲ. ಅವರ ಬಳಿ ಒಂದು ಉದ್ದನೆಯ ನೋಟ್‌ಬುಕ್ ಇದೆ. ಪ್ರತಿ ಮಿಷಿನ್‌ಗೂ ಒಂದೊಂದು ಪುಟ, ಅದರಲ್ಲಿ ಅದರ ಜಾತಕ. "ಮಾಗಡಿ, ನಲವತ್ತೊಂದು: ಮೇಲಿನ ಫ್ಯಾನ್ ಹಾಕದಿದ್ದರೆ ಏಳಲ್ಲ." "ಚನ್ನಪಟ್ಟಣ, ಎಂಬತ್ತೇಳು: ತಲೆ ಮೇಲೆ ಮರದ ಗೊಂಬೆ ಇಟ್ಟಿದ್ದಾರೆ, ಬಿಸಿಯಾಗುತ್ತೆ, ತೆಗಿ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ." ಬಿಡದಿ ಕಡೆಯದೊಂದರ ಪಕ್ಕ ತಟ್ಟೆ ಇಡ್ಲಿ ಹೋಟೆಲಂತೆ, ಹಬೆ ಬಂದು ಪರದೆ ಮಸುಕಾಗುತ್ತದೆ, ಏಳು ಗಂಟೆಯ ಮೇಲೆ ಅದರ ಕಾರ್ಯದರ್ಶಿಗೆ ಏನೂ ಓದಲು ಹೇಳಬಾರದು. ಇದನ್ನೆಲ್ಲ ಅವರು ಕಂಡುಕೊಂಡಿದ್ದು ಫೋನಿನಲ್ಲಿ. ದಿನಕ್ಕೆ ಐವತ್ತು ಅರವತ್ತು ಕರೆ. ಮಾತಿನ ಹಿಂದೆ ಕೇಳುವ ಕೋಳಿ, ಹಾಲಿನ ಕ್ಯಾನಿನ ಸದ್ದು, ಯಾರದೋ ಕೆಮ್ಮು, ಎಲ್ಲ ಸೇರಿಸಿ ಮನಸ್ಸಿನಲ್ಲಿ ಊರು ಕಟ್ಟಿಕೊಳ್ಳುತ್ತಾರೆ.

"ಕಣ್ಮುಚ್ಚಿದ್ರೆ ಎಲ್ಲಾ ಊರೂ ಕಾಣ್ತವೆ ಸಾರ್. ಈ ಡೈರಿ ಮುಂದೆ ಬೇವಿನ ಮರ ಐತೆ, ಆ ಡೈರಿಗೆ ಮೂರು ಮೆಟ್ಲು ಐತೆ ಅಂತ. ನಿಜ್ವೋ ಸುಳ್ಳೋ, ಯಾರು ನೋಡಿದ್ದಾರೆ?"

ಬೆಳಗಿನ ಜಾವವೇ ಯಾಕೆ ಎಂದರೆ, ಹಾಲು ಬರುವುದು ಆರಕ್ಕೆ. ಅಷ್ಟರೊಳಗೆ ಮಿಷಿನ್ ಎಚ್ಚರವಾಗಿ, ನೆಟ್ಟಗೆ ಕೂತಿರಬೇಕು. ಹೊಸ ತಂತ್ರಾಂಶವನ್ನು ಅಸ್ರಾ ಒಮ್ಮೆಗೇ ಎಲ್ಲಕ್ಕೂ ಕಳಿಸುವುದಿಲ್ಲ. ಮೊದಲು ಐದಕ್ಕೆ. ಅವು ತಾಳಿಕೊಂಡರೆ ಐವತ್ತಕ್ಕೆ. ಆಮೇಲೆ ಉಳಿದವಕ್ಕೆ, ತುಂಡು ತುಂಡಾಗಿ, ಹಲ್ಲಿಲ್ಲದವರಿಗೆ ಮುದ್ದೆ ಮುರಿದು ಕೊಟ್ಟ ಹಾಗೆ. ಇದನ್ನು ಕಲಿಸಿದ್ದು ಯಾವ ಕಾಲೇಜೂ ಅಲ್ಲ ಎನ್ನುತ್ತಾರೆ. ಅವರ ತಂದೆ ಇಸ್ರಾರ್ ಮೂವತ್ತು ವರ್ಷ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ನೂಲು ಬಿಚ್ಚಿದವರು. ಈಗ ಕೈಯ ಚರ್ಮ ಸುಕ್ಕಾಗಿ ಕೆಲಸ ಬಿಟ್ಟಿದ್ದಾರೆ. "ಅಬ್ಬಾ ಹೇಳೋರು, ಎಳೆ ಸಿಗ್ಲಿಲ್ಲ ಅಂತ ಗೂಡ್ನ ಬಯ್ಬೇಡ, ಇನ್ನೊಂದ್ಸಲ ಮೆಲ್ಲಗೆ ಸವರು ಅಂತ. ಹಳೇ ಸಿಸ್ಟಮ್ಮೂ ಅಷ್ಟೇಯ. ಜೋರು ಮಾಡಿದ್ರೆ ಕಿತ್ತೋಗ್ತದೆ."

ಕಷ್ಟ ಇಲ್ಲವೇ ಎಂದರೆ ಇದೆ. ಎಲ್ಲ ಸರಿ ಇದ್ದ ದಿನ ಅಸ್ರಾ ಎಂಬುವರು ಒಬ್ಬರಿದ್ದಾರೆಂದೇ ಯಾರಿಗೂ ಗೊತ್ತಿಲ್ಲ. ಒಂದು ಮಿಷಿನ್ ನಿಂತಿತೋ, ಸಾಲಿನಲ್ಲಿ ನಿಂತ ಅರವತ್ತು ಜನರ ಸಿಟ್ಟು ಒಂದೇ ಫೋನಿನಲ್ಲಿ ಬರುತ್ತದೆ. ಇಳಿಸುತ್ತಿರುವಾಗ ಆಫ್ ಮಾಡಬೇಡಿ ಎಂದು ಪರದೆ ಇಂಗ್ಲಿಷಿನಲ್ಲಿ ಬೇಡಿಕೊಳ್ಳುತ್ತಿರುತ್ತದೆ. ಅದನ್ನು ಓದುವ ಮೊದಲೇ ಸ್ವಿಚ್ ಆರಿಸಿ ಬೀಗ ಹಾಕಿ ಹೋಗುವವರುಂಟು. ಇಲ್ಲಿಂದ ಇವರು ಆಡಿಸಿದ ಮೌಸಿನ ಬಾಣ ತಾನಾಗಿ ಓಡಾಡಿತೆಂದುಕೊಂಡು ಪರದೆಗೆ ನಿಂಬೆಹಣ್ಣು ಕಟ್ಟಿದವರೂ ಒಬ್ಬರಿದ್ದಾರೆ. "ಒಂದು ವಾರ ಆ ನಿಂಬೆಹಣ್ಣಿನ ಹಿಂದೇನೇ ಕೆಲ್ಸ ಮಾಡ್ದೆ," ಎನ್ನುತ್ತಾರೆ, ಬೇಸರವೇ ಇಲ್ಲದೆ.

ಒಂದೇ ಒಂದು ಬೆಳಿಗ್ಗೆ ನೋಡಿ ಬರೆದು ಮುಗಿಸೋಣ ಎಂದು ಭಾನುವಾರ ಹೋದವನು ನಾನು. ಬುಧವಾರದವರೆಗೂ ಅಲ್ಲಿಗೇ ಎಡತಾಕಿದೆ. ಕಾರಣ, ಒಂದು ಚುಕ್ಕಿ.

ಚುಕ್ಕಿಗಳ ಲೆಕ್ಕ ಸರಳ. ಮಲಗಿದ್ದರೆ ಬೂದು. ಎದ್ದು ಹೊಸ ತಂತ್ರಾಂಶ ಹೊಂದಿದ್ದರೆ ಹಸಿರು. ಎದ್ದಿದೆ, ಆದರೆ ಇನ್ನೂ ಹಳೆಯದೇ ಒಳಗಿದೆ ಎಂದರೆ ಹಳದಿ. ಆ ಭಾನುವಾರ ಆರು ಗಂಟೆಯ ಹೊತ್ತಿಗೆ ಇಡೀ ಪರದೆ ರಾಗಿಯ ಪೈರಿನಂತೆ ಹಸಿರಾಗಿತ್ತು. ಮೂಲೆಯಲ್ಲಿ ಒಂದು ಮಾತ್ರ ಹಳದಿ. "ಹೊಂಗೆದೊಡ್ಡಿ," ಎಂದರು ಅಸ್ರಾ. ಕನಕಪುರ ತಾಲ್ಲೂಕು, ಕೋಡಿಹಳ್ಳಿಯಿಂದಾಚೆ, ಕಾಡಂಚಿನ ಊರು. ಹೆಂಗಸರೇ ನಡೆಸುವ ಡೈರಿ. ಅರವತ್ತೊಂದು ಮನೆ, ಮನೆಗೆ ಒಂದೋ ಎರಡೋ ಹಸು.

ಮೇಲಿನಿಂದ ಸುತ್ತೋಲೆ ಬಂದಿತ್ತು. ಬುಧವಾರ ಬೆಳಗಿನ ಹಾಲು ಬರುವುದರೊಳಗೆ ಹೊಸ ತಂತ್ರಾಂಶ ಇಳಿಯದ ಡೈರಿಯ ಹಾಲನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳುವುದಿಲ್ಲ. ಅದನ್ನು ಪಕ್ಕದ ಊರಿನ ಡೈರಿಗೆ ಸೇರಿಸಲಾಗುವುದು. ಓದಲು ಎರಡು ಸಾಲು. ಹೊಂಗೆದೊಡ್ಡಿಯ ಹೆಂಗಸರಿಗೆ ಅದು ನಾಲ್ಕು ಕಿಲೋಮೀಟರ್ ಕಾಡು ದಾರಿ, ಬೆಳಗಿನ ಕತ್ತಲಲ್ಲಿ, ಆನೆ ಓಡಾಡುವ ಹೊತ್ತಿನಲ್ಲಿ, ತಲೆಯ ಮೇಲೆ ಹಾಲಿನ ಕ್ಯಾನು. ನಡೆಯಲಾಗದವರು ಹಸು ಮಾರುತ್ತಾರೆ. ಡೈರಿಯ ಕಾರ್ಯದರ್ಶಿ ಸಿದ್ದಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಈ ಡೈರಿ ಓಯ್ತು ಅಂದ್ರೆ ನಾವೆಲ್ಲಾ ಓದಂಗೇ ಕನ್ ಮಗ."

ತೊಂದರೆ ಮಿಷಿನ್‌ನದಲ್ಲ, ಊರಿನದೂ ಅಲ್ಲ. ಎರಡು ವರ್ಷದ ಹಿಂದೆ ಸಿಡಿಲು ಬಡಿದು ಆ ಊರಿನ ಮೂರು ಟೀವಿ ಸುಟ್ಟುಹೋಗಿದ್ದವು. ಅವತ್ತಿನಿಂದ ಸಂಜೆಯ ಹಾಲು ಮುಗಿದು ದೀಪ ಹಚ್ಚುವ ಹೊತ್ತಿಗೆ ಡೈರಿಯ ಮೈನ್ ಸ್ವಿಚ್ ಆರಿಸುವುದು ಕಟ್ಟುಪಾಡಾಗಿದೆ. ಈ ಸಲದ ತಂತ್ರಾಂಶದಲ್ಲಿ ತುಂಡು ಮಾಡಲಾಗದ ದೊಡ್ಡದೊಂದು ಭಾಗವಿದೆ. ಅಲ್ಲಿನ ಬಡಕಲು ನೆಟ್‌ನಲ್ಲಿ ಅದು ಇಳಿಯಲು ಮೂರು ಹಗಲು ಮೂರು ರಾತ್ರಿ ಬೇಕು. ಸ್ವಿಚ್ ಆರಿದರೆ ಹಳೆಯ ಮಿಷಿನ್‌ಗೆ ಎಲ್ಲ ಮರೆತುಹೋಗುತ್ತದೆ, ಮತ್ತೆ ಒಂದರಿಂದ ಶುರು. ಅಸ್ರಾ ಹನ್ನೊಂದು ಸಲ ಶುರು ಮಾಡಿದ್ದರು.

ಅದರ ಮೇಲೆ, ಹಿಂದಿನ ಮಂಗಳವಾರ ಊರಿಗೆ ಸಾರು ಹಾಕಿದ್ದರು. ಬಲ್ಲವರಿಗೆ ಹೇಳಬೇಕಿಲ್ಲ: ಮಾರಮ್ಮನ ಹಬ್ಬಕ್ಕೆ ಎಂಟು ದಿನ ಮುಂಚೆ ತಮಟೆ ಹೊಡೆದು ಸಾರುತ್ತಾರೆ. ಅಲ್ಲಿಂದ ಹಬ್ಬ ಮುಗಿಯುವವರೆಗೆ ಊರಿನಲ್ಲಿ ಯಾರೂ ಒಗ್ಗರಣೆ ಹಾಕುವಂತಿಲ್ಲ. ಊರಿನವರು ಬೇರೆಡೆ ರಾತ್ರಿ ತಂಗುವಂತಿಲ್ಲ, ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ಹಾಲಿನ ವ್ಯಾನು ಕೂಡ ಊರ ಮುಂದಿನ ಗಡಿಕಲ್ಲಿನ ಬಳಿ ನಿಂತು ಕ್ಯಾನು ತುಂಬಿಕೊಂಡು ಹೋಗುತ್ತದೆ. ಕಂಪನಿಯಲ್ಲಿ ಬೈಕ್ ಮೇಲೆ ಸುತ್ತಿ ರಿಪೇರಿ ಮಾಡುವ ವಾಸಿಂ ಶನಿವಾರ ಬ್ಯಾಗು ಹೆಗಲಿಗೇರಿಸಿ ಹೋದವರು, ಗಡಿಕಲ್ಲಿನಿಂದ ಒಂದು ಚೊಂಬು ಮಜ್ಜಿಗೆ ಕುಡಿದು ವಾಪಸ್ ಬಂದರು. ಪೆನ್‌ಡ್ರೈವ್ ಕೊಟ್ಟು ಬರೋಣವೆಂದರೆ ಆ ಮಿಷಿನ್‌ನಲ್ಲಿ ಅದನ್ನು ಚುಚ್ಚುವ ಜಾಗವೇ ಹಾಳಾಗಿದೆ. ಮಿಷಿನ್ನನ್ನೇ ಗಡಿಗೆ ತರಿಸೋಣವೆಂದರೆ ಊರು ದಾಟಿದ್ದು ಹಬ್ಬದೊಳಗೆ ಮತ್ತೆ ಒಳಗೆ ಹೋಗುವಂತಿಲ್ಲ.

ಭಾನುವಾರ ಆರೂಕಾಲಿಗೆ ಅಸ್ರಾ ಹನ್ನೆರಡನೇ ಸಲ ಹೊಂಗೆದೊಡ್ಡಿಯ ಮಿಷಿನ್ ಒಳಗೆ ಹೋದರು. ಬಾಣವನ್ನು ಆಚೀಚೆ ಸರಿಸಿ ಕೆಲಸ ಶುರು ಮಾಡಿದ್ದರಷ್ಟೆ, ಫೋನು ಬಂತು. ಮಾತಾಡಿದವರು ಸಿದ್ದಮ್ಮ ಅಲ್ಲ. ಊರಿನ ಯಜಮಾನರು ಮುನಿಯಪ್ಪ. ಹಾಲು ಹಾಕಲು ಬಂದವರ ಪೈಕಿ ಯಾರೋ ಬಾಣ ಓಡಾಡಿದ್ದನ್ನು ನೋಡಿ ಅವರನ್ನು ಕರೆಸಿದ್ದರು. ಅಸ್ರಾ ಫೋನನ್ನು ಸ್ಪೀಕರಿಗೆ ಹಾಕಿದರು.

"ಯಾರವ್ವ ನೀನು?"

"ಅಸ್ರಾ ಅಂತ, ಯಜಮಾನ್ರೇ. ರಾಮನಗರದಿಂದ. ಸಿಸ್ಟಂ ನೋಡ್ಕೊಳ್ಳೋಳು."

"ಈಗ ಎಲ್ಲಿದ್ದೀಯವ್ವ ನೀನು?"

"ರಾಮನಗರದಲ್ಲಿ, ನಮ್ಮ ಮನೇಲಿ."

"ಈ ಬಾಣ ಆಡಿಸ್ತಾ ಇರೋರು ಯಾರು?"

ಇಲ್ಲಿ ಬೇರೆ ಯಾರಾದರೂ ಆಗಿದ್ದರೆ, ಅದು ಮಿಷಿನ್ನೇ ತಾನಾಗಿ ಆಡುತ್ತೆ ಯಜಮಾನ್ರೇ, ಎಂದು ಜಾರಿಕೊಳ್ಳುತ್ತಿದ್ದರು. ನಾನಂತೂ ಹಾಗೇ ಹೇಳುತ್ತಿದ್ದೆ, ಮುಚ್ಚುಮರೆ ಯಾಕೆ. ಅಸ್ರಾ ಕೈಯನ್ನು ಮೌಸಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಾನೇ," ಎಂದರು. "ಊರಿಗೆ ಸಾರು ಹಾಕಿರೋದು ಗೊತ್ತಿತ್ತು. ಆದ್ರೆ ತಂತೀಲಿ ಬಂದ್ರೂ ಬಂದಂಗೇ ಅಂತ ಹೊಳೀಲಿಲ್ಲ. ತಪ್ಪಾಯ್ತು."

ಆ ಕಡೆ ಕ್ಯಾನಿನ ಮುಚ್ಚಳದ ಸದ್ದು, ಹೆಂಗಸರ ಪಿಸುಮಾತು. ಯಾರೋ ವೈರು ಕಿತ್ತುಹಾಕಿ ಎಂದರು. ಯಾರೋ ಅಂಗೆಲ್ಲಾ ಕೀಳಬಾರದು ಎಂದರು. ಕೊನೆಗೆ ಮುನಿಯಪ್ಪನವರ ದನಿ, ನಿಧಾನವಾಗಿ.

"ನೋಡವ್ವ. ಗೊತ್ತಿಲ್ದೆ ಒಳಿಕ್ಕೆ ಬಂದೋರ್ನ ಓಡ್ಸಂಗಿಲ್ಲ. ನಮ್ಮ ತಾತನ ಕಾಲ್ದಿಂದ ಅದೇ ಪದ್ಧತಿ. ಆದ್ರೆ ಬಂದ್ಮೇಲೆ ಅಬ್ಬ ಮುಗಿಯೋ ಗಂಟ ಆಚಿಕ್ಕೂ ಓಗಂಗಿಲ್ಲ. ನೆಂಟ್ರು ಲೆಕ್ಕ. ಬುದವಾರ ಒತ್ತಾರೆ ಗಂಟ ಇಲ್ಲೇ ಇರ್ಬೇಕು, ಊರು ಎಂಗಿರ್ತದೋ ಅಂಗಿರ್ಬೇಕು. ಆಯ್ತದಾ?"

ಅಸ್ರಾ ನನ್ನ ಮುಖ ನೋಡಿದರು. ಆ ಮುಖದಲ್ಲಿ ನಗು, ಗಾಬರಿ, ಇನ್ನೂ ಏನೋ ಒಂದು. "ಆಯ್ತದೆ ಯಜಮಾನ್ರೇ. ಆದ್ರೆ ರಾತ್ರಿ ಮೈನ್ ಆಫ್ ಮಾಡಿದ್ರೆ ನಾನು ಆಚೆ ಬಿದ್ಬುಡ್ತೀನಿ."

"ನೆಂಟ್ರು ಮಲಗವ್ರೆ ಅಂದ್ಮೇಲೆ ಬಾಗ್ಲು ಯಾರು ಆಕ್ತಾರವ್ವ? ಉರೀಲಿ ಬುಡು."

ಹನ್ನೊಂದು ಸಲ ಕೇಳಿ ಸಿಗದಿದ್ದದ್ದು ಹೀಗೆ ಸಿಕ್ಕಿತು. ನನಗೆ ಕುಣಿದಾಡುವಷ್ಟು ಖುಷಿಯಾಯಿತು; ಸುದ್ದಿಗಾರನಾಗಿ ಸುಮ್ಮನಿರಬೇಕೆಂಬುದು ಮರೆತೇ ಹೋಯಿತು. ಪರದೆಯ ಮೂಲೆಯಲ್ಲಿ ನೂರಕ್ಕೆ ಒಂದು ಎಂಬ ಅಂಕಿ ಮೂಡಿತ್ತು.

ಸೋಮವಾರ ಬೆಳಿಗ್ಗೆ ಹೋದಾಗ ಅದು ಮೂವತ್ತೆರಡು ಆಗಿತ್ತು. ಅಸ್ರಾ ಕಣ್ಣುಗಳು ಕೆಂಪಗಿದ್ದವು. ಅವತ್ತು ಚನ್ನಪಟ್ಟಣದಲ್ಲಿ ಅವರ ಚಿಕ್ಕಮ್ಮನ ಮಗಳು ಸಾನಾಳ ನಿಶ್ಚಿತಾರ್ಥ; ರಾತ್ರಿ ಅಲ್ಲೇ ಉಳಿಯಬೇಕಿತ್ತು. ಇವರು ಹೋಗುವುದಿಲ್ಲವೆಂದು ಹೇಳಿಬಿಟ್ಟಿದ್ದರು. ಪಕ್ಕದ ಅಡುಗೆಮನೆಯಿಂದ ತಾಯಿ ಖತೀಜಾ ಬಂದು ನನ್ನ ಮುಂದೆಯೇ ದೂರು ಕೊಟ್ಟರು.

"ನೀವೇ ಕೇಳಿ ಸಾಬ್. ಹಬ್ಬ ಆ ಊರಲ್ಲಿ, ಒಗ್ಗರಣೆ ನಿಂತಿರೋದು ನಮ್ಮನೇಲಿ! ನಿನ್ನೆ ಬೇಳೆಗೆ ಬರೀ ಉಪ್ಪು. ಇವಳ ಅಬ್ಬಾ ಒಂದು ಮಾತಾಡ್ದೆ ತಿಂದ್ರು. ಆ ಊರವ್ರು ಬಂದು ಒಲೆ ನೋಡ್ತಾರಾ?"

"ನೋಡಲ್ಲ ಅಮ್ಮೀ," ಎಂದರು ಅಸ್ರಾ, ಪರದೆಯಿಂದ ಕಣ್ಣು ತೆಗೆಯದೆ. "ಊರು ಹೆಂಗಿರುತ್ತೋ ಹಂಗಿರ್ತೀನಿ ಅಂತ ಮಾತು ಕೊಟ್ಟಿದ್ದೀನಲ್ಲ."

ಖತೀಜಾ ಗೊಣಗುತ್ತಲೇ ಒಳಗೆ ಹೋದರು. ಹತ್ತು ನಿಮಿಷ ಬಿಟ್ಟು ಬಂದ ಚಿತ್ರಾನ್ನದಲ್ಲಿ ಸಾಸಿವೆ ಇರಲಿಲ್ಲ, ಕಡ್ಲೆಬೇಳೆ ಇರಲಿಲ್ಲ, ಕರಿಬೇವು ಇರಲಿಲ್ಲ. ಅದನ್ನು ಚಿತ್ರಾನ್ನ ಎನ್ನುವುದು ಧೈರ್ಯದ ಮಾತು. ಆದರೂ ತಿಂದೆ. ಆ ಕೋಣೆಯಲ್ಲಿ ಕೂತಷ್ಟು ಹೊತ್ತು ನಾನೂ ಹೊಂಗೆದೊಡ್ಡಿಯೊಳಗೇ ಇದ್ದೇನೆ ಎಂಬ ಭಾವನೆ ಬಂದುಬಿಟ್ಟಿತ್ತು. ಎಚ್ಚರವೋ ಕನಸೋ ಎನ್ನುವ ಆ ಹೊತ್ತಿನಲ್ಲಿ ಅಂಕಿ ಮೂವತ್ಮೂರಕ್ಕೆ ಸರಿಯಿತು.

ಆ ಕಡೆಯೂ ನೆಂಟಸ್ತಿಕೆ ಜೋರಾಗಿ ನಡೆದಿತ್ತು. ಸಿದ್ದಮ್ಮ ಫೋನಿನಲ್ಲಿ ವರದಿ ಒಪ್ಪಿಸಿದರು. ರಾತ್ರಿ ಕಂಪ್ಯೂಟರ್ ಮುಂದೆ ಮುದ್ದೆ, ಉಪ್ಸಾರು, ಒಂದು ಲೋಟ ನೀರು ಇಟ್ಟಿದ್ದರಂತೆ. ಬೆಳಿಗ್ಗೆ ಅದನ್ನು ಹಸುವಿಗೆ ಹಾಕಿದರಂತೆ. ಹಾಲು ಹಾಕಲು ಬಂದವರು ಚಪ್ಪಲಿ ಬಿಟ್ಟು ಒಳಗೆ ಬಂದು, ಪರದೆಯ ಕಡೆ ತಿರುಗಿ ಚೆನ್ನಾಗಿದ್ದೀಯವ್ವ ಎಂದು ಕೇಳಿ ಹೋಗುತ್ತಿದ್ದಾರಂತೆ. "ಒಬ್ಳೇ ಬ್ಯಾಸ್ರ ಆಯ್ತದೆ ಅಂತ ಒಸಿ ಒತ್ತು ನಾನೂ ಅಲ್ಲೇ ಕುಂತಿದ್ದೆ ಕನ್ ಮಗ. ನಿಂಗೆ ಗೊತ್ತಾಯ್ತಾ?"

"ಗೊತ್ತಾಯ್ತು ಸಿದ್ದಮ್ಮಕ್ಕ," ಎಂದರು ಅಸ್ರಾ. ಗೊತ್ತಾಗುವುದು ಹೇಗೆ ಸಾಧ್ಯ ಎಂದು ನಾನು ಆಮೇಲೆ ಕೇಳಿದೆ. ಅವರು ಸ್ವಲ್ಪ ಯೋಚಿಸಿದರು. "ರಾತ್ರಿ ಒಂಬತ್ತರ ಸುಮಾರಿಗೆ ಬಾಣ ಒಂದ್ಸಲ ತಾನಾಗೇ ಅಲ್ಲಾಡ್ತು ಸಾರ್. ನಾನು ಆಡ್ಸಿರ್ಲಿಲ್ಲ. ಅಕ್ಕ ಮೇಜಿಗೆ ಕೈ ಊರಿದ್ರೋ ಏನೋ."

ಮಂಗಳವಾರ, ಹಬ್ಬದ ದಿನ, ನಾನು ಬೇರೆ ಕೆಲಸದ ಮೇಲೆ ಹೋಗಬೇಕಾಯಿತು. ಬೆಳಿಗ್ಗೆ ಅಂಕಿ ಅರವತ್ತನಾಲ್ಕು ಆಗಿತ್ತೆಂದು ಅಸ್ರಾ ಸಂದೇಶ ಕಳಿಸಿದರು. ಸಂಜೆ ಆರೂವರೆಗೆ ಮತ್ತೊಂದು: "ಕೋಡಿಹಳ್ಳಿ ಕಡೆ ಗಾಳಿ ಮಳೆ. ಕರೆಂಟ್ ಹೋಗಿದೆ. ಬ್ಯಾಟರಿ ಎರಡು ಗಂಟೆ." ಆಮೇಲೆ ಏನೂ ಇಲ್ಲ. ಎರಡು ಗಂಟೆ ಕಳೆದು ಮಿಷಿನ್ ಆರಿದರೆ ಮತ್ತೆ ಒಂದರಿಂದ ಶುರು. ಮತ್ತೆ ಶುರು ಮಾಡಲು ಮೂರು ದಿನ ಉಳಿದಿಲ್ಲ. ಒಂದು ಡೈರಿಯ ಕಂಪ್ಯೂಟರ್‌ಗಾಗಿ ನಾನು ರಾತ್ರಿ ಊಟ ಬಿಟ್ಟೆನೆಂದರೆ ನನ್ನ ಮನೆಯವರೇ ನಂಬಲಿಲ್ಲ.

ಬುಧವಾರ ನಾಲ್ಕೂವರೆಗೇ ಮೆಟ್ಟಿಲು ಹತ್ತಿದೆ. ಕೇಳುವ ಮೊದಲೇ ಅಸ್ರಾ ಪರದೆ ತೋರಿಸಿದರು. ತೊಂಬತ್ತೇಳು. ಚುಕ್ಕಿ ಹಳದಿಯಾಗಿಯೇ ಇದೆ, ಆದರೆ ಇದೆ. ಏನಾಯಿತೆಂದು ಸಿದ್ದಮ್ಮನ ಬಾಯಿಂದಲೇ ಕೇಳಿ ಎಂದು ಫೋನು ಹಾಕಿದರು.

"ಕರೆಂಟು ಓಯ್ತಾ, ಗುಡಿ ಮುಂದೆ ಜನರೇಟ್ರು ಆಕುದ್ರು. ಸೀರಿಯಲ್ ಸೆಟ್ಟು ಜಗಜಗ ಅಂತಿತ್ತು. ನಾನು ಓಡೋಗಿ, ಅಣ್ಣಾ, ಡೈರೀಲಿ ಬ್ಯಾಟ್ರಿ ಮುಗೀತಾ ಐತೆ ಅಂದೆ. ಮುನಿಯಪ್ಪಣ್ಣ ಎದ್ದು, ವೈರ್ ಕಿತ್ತು ಡೈರಿಗೆ ಎಳೀರ್ಲಾ ಅಂದ. ಹೈಕ್ಳು, ಅಬ್ಬದ ದಿವ್ಸ ಗುಡಿ ಕತ್ಲು ಮಾಡಾದಾ ಅಂದ್ರು. ಅದಕ್ಕವ್ನು, ಅಮ್ಮ ಎಣ್ಣೆ ದೀಪದಾಗೆ ಇದ್ದು ಬಂದೋಳು ಕಣ್ರಲಾ, ಅವ್ಳಿಗೇನು ಕತ್ಲು ಒಸ್ದಾ? ಮನೆಗೆ ಬಂದ ಎಣ್ಮಗಳ್ನ ಕತ್ಲಾಗೆ ಕೂರುಸ್ತಾರಾ? ಅಂದ. ಅಷ್ಟೇಯ. ರಾತ್ರಿಯೆಲ್ಲ ಅಮ್ಮಂಗೆ ಎಣ್ಣೆ ದೀಪ, ನಿಂಗೆ ಜನರೇಟ್ರು."

ಅಸ್ರಾ ಇದನ್ನು ಆಗಲೇ ಒಮ್ಮೆ ಕೇಳಿದ್ದರು. ಆದರೂ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡರು. ನಾನು ಕಿಟಕಿಯ ಕಡೆ ತಿರುಗಿ ಬೆಟ್ಟ ನೋಡುವವನ ಹಾಗೆ ನಿಂತೆ. ಬೆಟ್ಟ ಇನ್ನೂ ಕಾಣುತ್ತಿರಲಿಲ್ಲ.

ಐದೂಮುಕ್ಕಾಲಿಗೆ ಅಂಕಿ ನೂರಾಯಿತು. ಆದರೆ ಕೆಲಸ ಮುಗಿದಿಲ್ಲ. ಮಿಷಿನ್ ಒಮ್ಮೆ ಆರಿ, ತಾನಾಗಿ ಮತ್ತೆ ಹೊತ್ತಿಕೊಳ್ಳಬೇಕು. ಆ ಮಿಷಿನ್‌ಗೆ ಹದಿನಾಲ್ಕು ವರ್ಷ. ಪಟ್ಟಿಯಲ್ಲಿ ಎಲ್ಲಕ್ಕಿಂತ ಹಿರಿಯ. ಕೆಲವು ಹೀಗೆ ಮಲಗಿ ಏಳದೆ ಉಳಿದದ್ದೂ ಇದೆಯಂತೆ. ಹಬ್ಬ ಮುಗಿಯುವ ಮುಂಚೆ ಆಚೆ ಬಂದಂತಾಗುತ್ತದೆಂದು ಅಸ್ರಾ ಮೊದಲು ಯಜಮಾನರ ಅಪ್ಪಣೆ ಕೇಳಿದರು. "ಒಂದ್ನಿಮಿಷ ಕಣ್ಣು ಮುಚ್ತೀನಿ ಯಜಮಾನ್ರೇ. ಆಚೆ ಹೋಗಲ್ಲ."

"ಮುಚ್ಚವ್ವ. ನಾವು ಇಲ್ಲೇ ಇದ್ದೀವಿ."

ಗುಂಡಿ ಒತ್ತಿದರು. ಹಳದಿ ಚುಕ್ಕಿ ಬೂದಾಯಿತು.

ಒಂದು ನಿಮಿಷ. ಎರಡು. ಕೆಳಗೆ ರೀಲಿಂಗ್ ಘಟಕದ ರಾಟೆಗಳು ತಿರುಗಲು ಶುರುವಾದವು. ಖತೀಜಾ ಬಾಗಿಲಲ್ಲಿ ಬಂದು ನಿಂತರು. ಅವರ ಹಿಂದೆ ಇಸ್ರಾರ್. ಫೋನಿನಲ್ಲಿ ಕ್ಯಾನುಗಳ ಸದ್ದು ಮಾತ್ರ ಕೇಳುತ್ತಿದೆ. ಮೂರು ನಿಮಿಷ. ಅಸ್ರಾ ಬಲಗೈ ಮೇಜಿನ ಮೇಲೆ ಮೆಲ್ಲಗೆ ಆಡುತ್ತಿತ್ತು, ಗೂಡಿನ ಮೇಲೆ ಎಳೆ ಹುಡುಕು‌ವವರ ಕೈಯ ಹಾಗೆ. ನಾಲ್ಕನೆಯ ನಿಮಿಷ ಮುಗಿಯುವಾಗ ಆ ಮೂಲೆಯ ಚುಕ್ಕಿ ಕಣ್ಣು ಬಿಟ್ಟಿತು.

ಹಸಿರು.

ಫೋನಿನಲ್ಲಿ ಎದ್ದ ಗಲಾಟೆಗೆ ಖತೀಜಾ ಕಿವಿ ಮುಚ್ಚಿಕೊಂಡರು. ಅದರ ನಡುವೆಯೇ ಸಿದ್ದಮ್ಮ ತಮ್ಮ ಮನೆಯ ಹಾಲನ್ನೇ ಮೊದಲು ಅಳೆದರು. ಆರೂಕಾಲು ಲೀಟರ್. ಹೊಂಗೆದೊಡ್ಡಿಯ ಹೆಸರಿನಲ್ಲಿ, ಬೇರೆ ಯಾವ ಊರಿನ ಹೆಸರಿನಲ್ಲೂ ಅಲ್ಲ, ಆ ಅಂಕಿ ಪರದೆಯ ಮೇಲೆ ಬಂದು ಕೂತಿತು. ಅದರ ಹಿಂದೆ ಇನ್ನೊಬ್ಬರದು. ಇನ್ನೊಬ್ಬರದು.

ಆರೂಮುಕ್ಕಾಲರ ಹೊತ್ತಿಗೆ ಫೋನಿನಲ್ಲಿ ದೂರದಿಂದ ತಮಟೆ ಕೇಳಿಸಿತು. ಸಾರು ಮುಗಿಯಿತು ಎಂದರು ಮುನಿಯಪ್ಪ. ಇನ್ನು ನೆಂಟರು ಹೊರಡಬಹುದು. ಅಸ್ರಾ ಬಾಣವನ್ನು ಪರದೆಯ ಮೂಲೆಗೆ ಒಯ್ದರು, ಒತ್ತಲಿಲ್ಲ. ಮೂರು ದಿನದಿಂದ ಒಳಗೇ ಇದ್ದವರು.

"ತಡಿ ಮಗ, ಆಗ್ಲೇ ಓಗ್ಬೇಡ," ಎಂದರು ಸಿದ್ದಮ್ಮ. "ಎಣ್ಮಗಳ್ನ ಬರೀ ಮಡ್ಲಲ್ಲಿ ಕಳಿಸ್ತಾರಾ? ಅಕ್ಕಿ, ಬೆಲ್ಲ, ಕಾಯಿ, ರವಿಕೆ ಕಣ ಇಟ್ಟಿವ್ನಿ ನಿನ್ ಮುಂದೆ. ಆಮೇಲೆ ವಾಸಿಂ ತಾವ ಕೊಟ್ ಕಳಿಸ್ತೀನಿ. ಈಗ ಒಸಿ ಮಡ್ಲು ಒಡ್ಡು."

ನಾನು ತಿರುಗಿ ನೋಡಿದೆ. ರಾಮನಗರದ ಆ ಕೋಣೆಯಲ್ಲಿ, ಯಾರೂ ಕಾಣದ ಆ ಪರದೆಯ ಮುಂದೆ, ಅಸ್ರಾ ದುಪಟ್ಟಾದ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿ ಹರಡಿಕೊಂಡಿದ್ದರು. ಆ ಕಡೆ ಹೆಂಗಸರು ಒಬ್ಬೊಬ್ಬರಾಗಿ ಏನೋ ಹೇಳುತ್ತ ಅಕ್ಕಿ ಹಾಕುತ್ತಿರುವ ಸದ್ದು ಸಣ್ಣದಾಗಿ ಕೇಳುತ್ತಿತ್ತು. ಅದು ಮುಗಿಯುವವರೆಗೂ ಅವರು ಕದಲಲಿಲ್ಲ.

"ಹೋಗ್ಬತ್ತೀನಿ ಯಜಮಾನ್ರೇ. ಹೋಗ್ಬತ್ತೀನಿ ಸಿದ್ದಮ್ಮಕ್ಕ."

"ಓಗ್ಬುಟ್ಟು ಬಾ ಮಗ. ಊರಿಗೆ ಬಂದೋಳು ನೀರಿಗೆ ಬರಾಕಿಲ್ವಾ? ಬಂದೇ ಬತ್ತೀಯ."

ಅಸ್ರಾ ಗುಂಡಿ ಒತ್ತಿ ಆಚೆ ಬಂದರು. ಪರದೆಯ ಮೇಲೆ ಮತ್ತೆ ಚುಕ್ಕಿಗಳಷ್ಟೇ ಉಳಿದವು, ಮುನ್ನೂರ ಹದಿನೆಂಟೂ ಹಸಿರು. ಕಿಟಕಿಯಾಚೆ ಬಂಡೆಗಳು ಕೊನೆಗೂ ಬೆಟ್ಟಗಳಾಗಿದ್ದವು. ಬಾಗಿಲಲ್ಲಿದ್ದ ಖತೀಜಾ ಕಾಣಲಿಲ್ಲ. ಅಡುಗೆಮನೆಯಲ್ಲಿ ಎಣ್ಣೆ ಕಾದು, ಸಾಸಿವೆ ಚಟಪಟ ಸಿಡಿದು, ಕರಿಬೇವಿನ ಘಮ ಕೋಣೆಯ ತುಂಬ ಹರಡಿತು.

ಇಂಥ ಲೇಖನದ ಕೊನೆಗೆ ಕೇಳಲೇಬೇಕಾದ ಪ್ರಶ್ನೆಯನ್ನು ನಾನೂ ಕೇಳಿದೆ. ನಿಮಗೇನಾದರೂ ಆಸೆ ಇದೆಯೇ? ಹೊಸ ಕಂಪ್ಯೂಟರ್ ಎನ್ನುತ್ತಾರೆ, ಕೆಲಸ ಕಾಯಂ ಆಗಲಿ ಎನ್ನುತ್ತಾರೆ ಎಂದುಕೊಂಡು ಪೆನ್ನು ತೆರೆದಿದ್ದೆ. ಅಸ್ರಾ ಮಡಿಲಿನಲ್ಲಿನ್ನೂ ಹರಡಿಕೊಂಡಿದ್ದ ಸೆರಗನ್ನು ನಿಧಾನಕ್ಕೆ ಮಡಿಚಿದರು, ಒಳಗೆ ಏನೋ ಇರುವ ಹಾಗೆ, ಚೆಲ್ಲದ ಹಾಗೆ.

"ಮುಂದಿನ ವರ್ಷ ಸಾರು ಹಾಕೋ ಹಿಂದಿನ ದಿನವೇ ಬಸ್ ಹತ್ತಿ ಹೊಂಗೆದೊಡ್ಡಿಗೆ ಹೋಗ್ಬುಡ್ಬೇಕು ಸಾರ್, ಕಾಲಲ್ಲಿ ನಡ್ಕೊಂಡು ಒಳಗೆ," ಎಂದರು. "ಆಮೇಲೆ ಹಬ್ಬ ಮುಗಿಯೋ ಗಂಟ ಯಾರೂ ನನ್ನ ಆಚೆ ಕಳ್ಸಂಗಿಲ್ಲವಲ್ಲ."